ಜ್ವಾಲಾಮುಖಿ ಓದಲು ಹೊರಟ ಕೂಸಿಗೆ

ಶಿರಸಿ
ಆಗಸ್ಟ್ ಕೊನೆಯ ವಾರ

ಚಿ. ಸಿಂಧುಗೆ ಮಾವ ಮಾಡುವ ಆಶೀರ್ವಾದಗಳು.

ಇಟಲಿಯ ನೇಪಲ್ಸಿನಲ್ಲಿ ನಿನಗೆ ಸೀಟು ಸಿಕ್ಕಿತು ಅಂತ ನಿನ್ನ ಆಯಿ ಫೋನ್ ಮಾಡಿದಾಗ ನಾನು ತೋಟದಲ್ಲಿದ್ದೆ. ಕೊಳೆ ರೋಗಕ್ಕೆ ಎರಡನೇ ಸಲ ಮದ್ದು ಹೊಡೆಸುತ್ತಿದ್ದೆ. "ಬೆಂಕಿ ಕಾರುವ ಗುಡ್ಡ ನೋಡ್ಲಿಕ್ಕೆ ಹೋಗ್ತದಂತೆ, ನೀನಾದ್ರೂ ಹೇಳು ಅಣ್ಣ" ಎಂದಳು. ಅಲ್ಲಿನ ವೀಕ್ಷಣಾಲಯ 1841ರಲ್ಲಿ ಶುರುವಾದದ್ದು, ಜ್ವಾಲಾಮುಖಿ ನೋಡಲೆಂದೇ ಕಟ್ಟಿದ ಜಗತ್ತಿನ ಮೊದಲ ಜಾಗ ಅಂತ ಹೇಳಿದೆ. ಅಷ್ಟು ಹಳೇದಾದರೆ ಪರವಾಗಿಲ್ಲ ಅಂತ ಫೋನಿಟ್ಟಳು.

ಹೋಗಬೇಡ ಎನ್ನಲು ಬರೆಯುತ್ತಿಲ್ಲ. ಹೋಗು. ಆದರೆ ಒಂದು ಮಾತಿದೆ. ಫೋನಿನಲ್ಲಿ ಹೇಳಿದರೆ ನೀನು "ಹೂಂ ಮಾವ, ಹೂಂ ಮಾವ" ಎಂದು ಮುಗಿಸಿಬಿಡುತ್ತೀಯ. ಅದಕ್ಕೇ ಈ ಕಾಗದ.

ನಿನಗೆ ಆರೇಳು ವರ್ಷ ಇದ್ದಾಗ ಯಾಣಕ್ಕೆ ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ಭೈರವೇಶ್ವರ ಶಿಖರದ ಬುಡದಲ್ಲಿ ನಿಂತು ಭಸ್ಮಾಸುರನ ಕಥೆ ಹೇಳಿದೆ. ತನ್ನ ತಲೆ ಮೇಲೆ ತಾನೇ ಕೈಯಿಟ್ಟು ಸುಟ್ಟುಹೋದ, ಆ ಬೆಂಕಿಗೆ ಬಂಡೆ ಕಪ್ಪಾಯಿತು ಅಂತ. ನೀನು ಬಂಡೆ ಮುಟ್ಟಿ "ಇನ್ನೂ ಬಿಸಿ ಇದೆಯಾ ಮಾವ" ಅಂದೆ. ಅದು ಹಳೇ ಜ್ವಾಲಾಮುಖಿಯೇ ಇರಬೇಕು ಎಂದು ನಾನು ವರ್ಷಗಟ್ಟಲೆ ಮನೆಗೆ ಬಂದವರಿಗೆಲ್ಲ ಹೇಳಿದ್ದೂ ಆಯಿತು. ಆಮೇಲೆ ನೀನು ಜಿಯಾಲಜಿ ಸೇರಿ ಮೊದಲ ರಜೆಗೆ ಬಂದವಳು, ಎಲ್ಲರ ಎದುರು "ಅದು ಸುಣ್ಣಕಲ್ಲು ಮಾವ" ಅಂದುಬಿಟ್ಟೆ. ಲಾವಾ ಕಲ್ಲು ನೋಡಬೇಕಾದರೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕು, ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಳೆಯದು ಅಂದೆ. ನನ್ನ ಮುಖ ಸಣ್ಣಗಾಯಿತು ನಿಜ. ಆದರೆ ಅವತ್ತೇ ಅಂದುಕೊಂಡೆ, ಈ ಕೂಸು ಬಣ್ಣ ನೋಡಿ ಮೋಸಹೋಗುವುದಿಲ್ಲ ಅಂತ.

ನೀನು ಬಿಟ್ಟುಹೋದ ಪುಸ್ತಕಗಳನ್ನು ಈ ಮಳೆಗಾಲದಲ್ಲಿ ಓದಿದೆ. ಕರೆಂಟಿಲ್ಲದ ದಿನ ಬೇರೆ ಕೆಲಸ ಏನಿರುತ್ತದೆ? ನನಗೆ ಥಟ್ಟನೆ ಅರ್ಥವಾದದ್ದು ಗುಳ್ಳೆಯ ಲೆಕ್ಕ, ಅದೂ ಆಲೆಮನೆಯಿಂದ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ತೆಳ್ಳಗಿರುವಾಗ ಗುಳ್ಳೆ ಸುಮ್ನೆ ಮೇಲೆ ಬಂದು ಒಡೆಯುತ್ತದೆ. ಪಾಕ ಏರಿ ದಪ್ಪಗಾದ ಮೇಲೆ ಗುಳ್ಳೆ ಒಳಗೇ ಸಿಕ್ಕಿಕೊಂಡು ಪಟ್ಟನೆ ಎಗರುತ್ತದೆ. ನನ್ನ ಮೊಣಕೈ ಮೇಲಿನ ಕಲೆ ಹಾಗೆ ಆದದ್ದೇ. ಜ್ವಾಲಾಮುಖಿಯೂ ಹಾಗೇ. ಹವಾಯಿಯದು ತೆಳು ಪಾಕ, ಹರಿದು ಹೋಗುತ್ತದೆ. ಫಿಲಿಪೀನ್ಸಿನ ಪಿನಟೂಬೊದ್ದು ದಪ್ಪ ಪಾಕ.

ಈಗ ನಾನು ಹೇಳಬೇಕಾದ್ದು. ನಿನಗೆ ಇದನ್ನು ಯಾವತ್ತೂ ಹೇಳಿಲ್ಲ.

ನಮ್ಮ ಅಂಗಳದ ಮಳೆಮಾಪಕ ನಿನಗೆ ಗೊತ್ತು. ದಿನಾ ಬೆಳಿಗ್ಗೆ ಬರೆದಿಡುತ್ತೇನೆ. ಇಪ್ಪತ್ತು ವರ್ಷದ ಹಿಂದೆ ಒಂದು ಆಷಾಢದಲ್ಲಿ ಮೂರು ದಿನ ಬಿಡದೆ ಹೊಡೆಯಿತು. ಆ ಪುಸ್ತಕದಲ್ಲಿ ಅಂಥ ಮೂರು ದಿನ ಅದಕ್ಕೆ ಮುಂಚೆ ಇರಲಿಲ್ಲ. ಪಕ್ಕದ ಮನೆಯವರ ಕೊಟ್ಟಿಗೆ ಹಿಂದಿನ ಧರೆಯಲ್ಲಿ ಬಿರುಕು ಕಂಡೆ. ನಾಲ್ಕು ಬೆರಳು ಒಳಗೆ ಹೋಗುತ್ತಿತ್ತು. ಅವರ ಮನೆಗೆ ಹೋಗಿ "ಭಾವ, ಧರೆ ಸ್ವಲ್ಪ ನೋಡಿಕೊಳ್ಳಿ" ಅಂದೆ. "ಹೌದಾ, ನೋಡೋಣ" ಅಂದರು. ಕವಳ ಹಾಕಿದೆವು, ಅಡಿಕೆ ರೇಟಿನ ಮಾತಾಡಿದೆವು, ನಾನು ಮನೆಗೆ ಬಂದೆ. ಬೆಳಗಿನ ಜಾವ ಧರೆ ಕುಸಿಯಿತು. ಎರಡು ದನ, ಒಂದು ಕರು ಹೋದವು. ಮನುಷ್ಯರು ಉಳಿದದ್ದು ಪುಣ್ಯ.

ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ನೀವು ಹೇಳಿದ್ದಿರಿ" ಅಂತಲೇ ಹೇಳುತ್ತಿದ್ದರು. ನಾನು ಏನು ಹೇಳಿದ್ದೆ? "ನೋಡಿಕೊಳ್ಳಿ" ಎಂದರೆ ಏನು ನೋಡಬೇಕು, ಎಷ್ಟು ಹೊತ್ತಿಗೆ? "ಕತ್ತಲಾಗುವುದರೊಳಗೆ ದನ ಬಿಚ್ಚಿ ನಮ್ಮ ಕೊಟ್ಟಿಗೆಗೆ ತನ್ನಿ" ಎನ್ನಬೇಕಿತ್ತು. ಧರೆ ಕುಸಿಯದಿದ್ದರೆ ನಾಳೆ ನಗುತ್ತಾರಲ್ಲ ಎಂಬ ನಾಚಿಕೆ ನನಗೆ, ಅಷ್ಟೇ.

ನಿನ್ನ ಪುಸ್ತಕದಲ್ಲಿ ಕೊಲಂಬಿಯಾದ ಅರ್ಮೇರೊ ಊರಿನ ಅಧ್ಯಾಯ ಓದುವಾಗ ಇದೇ ನೆನಪಾಗಿ ಪುಸ್ತಕ ಮುಚ್ಚಿಟ್ಟೆ. 1985ರ ನವೆಂಬರ್ 13. ನೆವಾಡೊ ಡೆಲ್ ರುಯಿಸ್ ಜ್ವಾಲಾಮುಖಿ ಸಿಡಿದದ್ದು ದೊಡ್ಡದೇನಲ್ಲ. ತಲೆ ಮೇಲಿನ ಹಿಮದಲ್ಲಿ ಒಂದು ಪಾಲು ಕರಗಿ ಕೆಸರಾಗಿ ಹೊಳೆಗುಂಟ ಇಳಿಯಿತು. ಅರ್ಮೇರೊ ಇದ್ದದ್ದು ಹೊಳೆಯ ದಾರಿಯಲ್ಲಿ 70 ಕಿಲೋಮೀಟರಿಗಿಂತ ದೂರ, ಶಿರಸಿಯಿಂದ ಕುಮಟೆಗಿಂತ ಜಾಸ್ತಿ. ಕೆಸರು ಅಲ್ಲಿಗೆ ಬರಲು ಸುಮಾರು ಎರಡೂವರೆ ತಾಸು ಹಿಡಿಯಿತು. ಹತ್ತಿರದ ದಿಬ್ಬಕ್ಕೆ ನಡೆದುಕೊಂಡು ಹೋಗಲು ಸಾಕಿತ್ತು. ಅಪಾಯದ ನಕ್ಷೆ ಒಂದು ತಿಂಗಳ ಮುಂಚೆಯೇ ತಯಾರಾಗಿತ್ತು, ಅದರಲ್ಲಿ ಅರ್ಮೇರೊ ಇತ್ತು. ಮಧ್ಯಾಹ್ನ ಬೂದಿ ಉದುರಿದಾಗ ಜನರಿಗೆ ಸಿಕ್ಕ ಸಲಹೆ ಗಾಬರಿ ಬೇಡ, ಮನೆಯೊಳಗಿರಿ ಎಂದು. ಸತ್ತವರು ಸುಮಾರು 23,000. ನಕ್ಷೆ ಬರೆದವರಿಗೆ ಆಮೇಲೆ ನಿದ್ದೆ ಹೇಗೆ ಬಂದಿತೋ. ನನಗೆ ಮೂರು ದನಕ್ಕೇ ಬರಲಿಲ್ಲ.

ಆರು ವರ್ಷದ ನಂತರ ಪಿನಟೂಬೊದಲ್ಲಿ ಬೇರೆ ಥರ ನಡೆಯಿತು. ಅಲ್ಲಿ ಅಳತೆಯೂ ಚೆನ್ನಾಗಿತ್ತು. ಗಂಧಕದ ಗ್ಯಾಸ್ ಮೇ 13ರಂದು ದಿನಕ್ಕೆ ಸುಮಾರು 500 ಟನ್, ಎರಡು ವಾರದಲ್ಲಿ 5,000 ಟನ್. ಜೂನ್ ಮೊದಲ ವಾರಕ್ಕೆ 300 ಟನ್ನಿಗೂ ಕೆಳಗಿಳಿಯಿತು. ನನ್ನಂಥವನಾದರೆ ತಣ್ಣಗಾಯಿತು ಅಂದುಕೊಳ್ಳುತ್ತಿದ್ದೆ. ಅಳೆಯುತ್ತಿದ್ದ ವಿಜ್ಞಾನಿಗಳಿಗೆ ಹೆದರಿಕೆಯಾಯಿತು. ಕೆಳಗೆ ಒಲೆ ಉರಿಯುತ್ತಿರುವಾಗ ಕುಕ್ಕರ್ ಸೀಟಿ ನಿಂತರೆ ನಿನ್ನ ಅತ್ತೆ ಅಡುಗೆಮನೆಗೆ ಓಡುವುದಿಲ್ಲವಾ, ಹಾಗೆ. ಜೂನ್ 15ಕ್ಕೆ ಅದು ಸಿಡಿಯುವಾಗ ಸಾವಿರಾರು ಜನ ಜಾಗ ಬಿಟ್ಟಾಗಿತ್ತು. ಬಿಡುವಂತೆ ಮಾಡಿದ್ದು ಗ್ರಾಫ್ ಒಂದೇ ಅಲ್ಲ, ಒಂದು ವಿಡಿಯೊ ಕೂಡ. ಬಿಸಿ ಬೂದಿಯ ಮೋಡ ಇಳಿಜಾರಿನಲ್ಲಿ ಹೇಗೆ ಓಡಿ ಬರುತ್ತದೆ, ಕೆಸರು ಊರನ್ನು ಏನು ಮಾಡುತ್ತದೆ ಎಂದು ಅದರಲ್ಲಿತ್ತು. ಅಧಿಕಾರಿಗಳಿಗೂ ಹಳ್ಳಿಯವರಿಗೂ ಅದನ್ನು ತೋರಿಸಿದರು. ಕಂಡಮೇಲೆ ಎದ್ದರು.

ಆ ದೃಶ್ಯ ತೆಗೆದವರು ಜ್ವಾಲಾಮುಖಿ ಓದುತ್ತಿದ್ದ ಫ್ರಾನ್ಸಿನ ಗಂಡ ಹೆಂಡತಿ, ಮೋರಿಸ್ ಮತ್ತು ಕಾತಿಯಾ ಕ್ರಾಫ್ಟ್. ಪಿನಟೂಬೊ ಸಿಡಿಯುವ 12 ದಿನ ಮೊದಲು, ಜೂನ್ 3ರಂದು, ಜಪಾನಿನ ಉನ್ಜೆನ್‌ನಲ್ಲಿ ಅಂಥದ್ದೇ ಮೋಡಕ್ಕೆ ಸಿಕ್ಕಿ ಸತ್ತರು. ಅವರೊಂದಿಗೆ ಅಮೆರಿಕದ ಜ್ವಾಲಾಮುಖಿ ವಿಜ್ಞಾನಿ ಹ್ಯಾರಿ ಗ್ಲಿಕನ್ ಇದ್ದ. 1980ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಸಿಡಿದಾಗ ಹಿಂದಿನ ದಿನ ಕಾವಲು ಜಾಗ ಬಿಟ್ಟು ಹೋಗಿದ್ದರಿಂದ ಬದುಕಿದ್ದವನು ಅವನು. ಅವತ್ತು ಅವನ ಜಾಗದಲ್ಲಿದ್ದ ಡೇವಿಡ್ ಜಾನ್‌ಸ್ಟನ್ ಸತ್ತ. ಇದನ್ನು ಆಯಿಗೆ ಹೇಳಬೇಡ.

"ಸೊಕ್ಕಿದ್ದವನು ಯಾಣಕ್ಕೆ, ರೊಕ್ಕಿದ್ದವನು ಗೋಕರ್ಣಕ್ಕೆ" ಎಂಬ ಗಾದೆ ನಮ್ಮದೇ. ಕ್ರಾಫ್ಟ್ ದಂಪತಿಗೆ ಸೊಕ್ಕಿತ್ತು ಎಂದು ನಾನು ಹೇಳಲಾರೆ. ಅವರ ವಿಡಿಯೊದಿಂದ ಎಷ್ಟು ಜೀವ ಉಳಿಯಿತೋ. ಆದರೆ ಮೇಷ್ಟ್ರು ಹೋದರು, ಜೊತೆಯವರು ಹೋದರು ಎಂದು ನೀನೂ ಬಾಯಿ ತನಕ ಹೋಗಬೇಡ. ದೂರದಿಂದ ಅಳೆಯಲು ಆಗುವುದನ್ನು ದೂರದಿಂದಲೇ ಅಳೆ. ಗುಡ್ಡ ಉಬ್ಬಿದ್ದನ್ನು ಈಗ ಸ್ಯಾಟಲೈಟ್ ಹೇಳುತ್ತದಲ್ಲ.

ನೀನು ಹೋಗುವ ಊರಿನ ಹತ್ತಿರವೇ ಮಿಸೇನಮ್ ಇದೆ. 79ನೇ ಇಸವಿಯಲ್ಲಿ ವೆಸೂವಿಯಸ್ ಸಿಡಿದಾಗ ಹಿರಿಯ ಪ್ಲಿನಿ ಎಂಬ ರೋಮನ್ ಪಂಡಿತ ಅಲ್ಲಿ ನೌಕಾಪಡೆಯ ಮುಖ್ಯಸ್ಥ. ಮೋಡವನ್ನು ಹತ್ತಿರದಿಂದ ನೋಡೋಣ ಎಂದು ಹೊರಟವನು, ಜನ ಕಾಪಾಡಲು ಹಡಗು ತೆಗೆದುಕೊಂಡು ಹೋಗಿ ಅಲ್ಲೇ ಸತ್ತ. ಬರುತ್ತೀಯಾ ಅಂತ ಕೇಳಿದ್ದಕ್ಕೆ 17 ವರ್ಷದ ಅಳಿಯ, ನನಗೆ ಓದುವುದಿದೆ ಅಂದಿದ್ದ. ಉಳಿದ. ಅವನು ಆಮೇಲೆ ಬರೆದ ಕಾಗದಗಳಿಂದಲೇ ನಮಗೆ ಅವತ್ತಿನ ಕಥೆ ಗೊತ್ತು. ಹೋದವನು ಸೋದರಮಾವ ಎಂಬುದನ್ನು ಗಮನಿಸು! ಅಪಾಯಕ್ಕೆ ಹೋಗುವ ಕೆಲಸ ಮಾವಂದಿರಿಗೆ ಬಿಡು.

ಇನ್ನೊಂದು ಸಂಗತಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದದ್ದು ಹೆದ್ದಾರಿ ಮೇಲೆ ಮಾತ್ರ ನಿಲ್ಲಲಿಲ್ಲ. ಗಂಗಾವಳಿ ಹೊಳೆಗೆ ಬಿದ್ದು ನೀರು ಎದ್ದು ಎದುರು ದಡದ ಉಳುವರೆಯ ಮನೆಗಳನ್ನೂ ಒಡೆಯಿತು. ಹೊಳೆಯಾಚೆಯವರು ಈ ಗುಡ್ಡಕ್ಕೆ ಹೆದರಬೇಕು ಅಂತ ಯಾರಿಗೆ ಹೊಳೆಯುತ್ತದೆ? 2018ರ ಡಿಸೆಂಬರಿನಲ್ಲಿ ಇಂಡೋನೇಷ್ಯಾದ ಅನಕ್ ಕ್ರಕಟೌ ಮಾಡಿದ್ದೂ ಅದೇ. ಒಂದು ಬದಿ ಸಮುದ್ರಕ್ಕೆ ಜಾರಿತು, ಸುನಾಮಿ ಎದ್ದು 400ಕ್ಕೂ ಹೆಚ್ಚು ಜನ ಸತ್ತರು. ಸುನಾಮಿ ಎಚ್ಚರಿಕೆಯ ವ್ಯವಸ್ಥೆ ದೊಡ್ಡ ಭೂಕಂಪಕ್ಕೆ ಕಾಯುತ್ತಿತ್ತು, ಗುಡ್ಡ ಜಾರುವುದಕ್ಕಲ್ಲ. ನಕ್ಷೆ ಬರೆಯುವಾಗ ಎದುರು ದಡವನ್ನೂ ನೋಡು.

ನೇಪಲ್ಸಿನ ಪಕ್ಕದ ಪೊಟ್ಸುವೊಲಿಗೆ ರಜೆ ದಿನ ಹೋಗಿ ಬಾ. ಆ ಊರೇ ಒಂದು ಜ್ವಾಲಾಮುಖಿಯ ಮೇಲಿದೆ. ಅಲ್ಲಿ ರೋಮನ್ನರ ಹಳೇ ಪೇಟೆಯ ಕಲ್ಲುಕಂಬಗಳಲ್ಲಿ ಸಮುದ್ರದ ಚಿಪ್ಪುಗಳು ಕೊರೆದ ತೂತುಗಳಿವೆಯಂತೆ, ಆಳೆತ್ತರಕ್ಕಿಂತ ಮೇಲೆ. ನೆಲ ಮುಳುಗಿ ಮತ್ತೆ ಎದ್ದಿದೆ. 1982ರಿಂದ 84ರೊಳಗೆ ಸುಮಾರು 1.8 ಮೀಟರ್ ಎದ್ದಿತು, 40,000 ಜನರನ್ನು ಖಾಲಿ ಮಾಡಿಸಿದರು, ಜ್ವಾಲಾಮುಖಿ ಸಿಡಿಯಲಿಲ್ಲ. ಈಗ ಮತ್ತೆ ಏಳುತ್ತಿದೆ, 2012ರಿಂದ ಹಳದಿ ಎಚ್ಚರಿಕೆ ಹಾಕಿಟ್ಟಿದ್ದಾರೆ. ಹತ್ತು ವರ್ಷ ದಾಟಿದ ಹಳದಿಯನ್ನು ಯಾರು ನೋಡುತ್ತಾರೆ? ನಮ್ಮ ಘಟ್ಟದ ತಿರುವಿನ ಬೋರ್ಡನ್ನು ಡ್ರೈವರುಗಳು ನೋಡಿದಷ್ಟೇ. ನಿನ್ನ ಕೆಲಸದಲ್ಲಿ ನನಗೆ ಅತಿ ಕಷ್ಟದ್ದು ಅನಿಸುವುದು ಇದು. ಹಿಂದೆ ಒಮ್ಮೆ ಸುಮ್ಮನೆ ಮನೆ ಬಿಟ್ಟವರಿಗೆ ಮತ್ತೆ ಬಿಡಿ ಎನ್ನುವುದು ಹೇಗೆ? ಅದಕ್ಕೆ ಅಲ್ಲಿನ ಭಾಷೆ ಕಲಿ. ಆಫೀಸಿನ ಇಟಾಲಿಯನ್ ಸಾಲದು, ಮೀನು ಮಾರುವವರು ಆಡುವ ಮಾತು ಕಲಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳು. ಆದರೆ ಅದರ ಬೆನ್ನಿಗೇ, ಹಾಗಾದರೆ ಇವತ್ತು ರಾತ್ರಿ ಏನು ಮಾಡಬೇಕು ಎಂಬುದನ್ನೂ ಹೇಳು. ನನ್ನ ಹಾಗೆ ಕವಳ ಹಾಕಿ ಎದ್ದು ಬರಬೇಡ.

ನೀನು ಕೇಳಿದ್ದ ಮಳೆ ಪುಸ್ತಕದ ಜೆರಾಕ್ಸ್ ಇದರ ಜೊತೆಗಿದೆ. ಆ ಆಷಾಢದ ಹಾಳೆಯೂ ಇದೆ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ನಿನ್ನ ಅತ್ತೆ ಎರಡು ಬಾಟ್ಲಿಗೆ ತುಂಬಿದ್ದಾಳೆ. ಕೈಚೀಲದಲ್ಲಿ ಬಿಡುವುದಿಲ್ಲವಂತೆ, ದೊಡ್ಡ ಬ್ಯಾಗಿನಲ್ಲಿ ಬಟ್ಟೆಗೆ ಸುತ್ತಿ ಇಡು.

ನಿನ್ನ ಮಾವ