ಮಾವನ ಮುಖದ ಗಾಯ, ಉಗಾಂಡದ ಹಲಸಿನ ಗಿಡ, ಒಂದಿಷ್ಟು ಥ್ಯಾಂಕ್ಸು

ಎಲ್ಲಾರಿಗೂ ನಮಸ್ಕಾರ್ರಿ. ಹೋದ ತಿಂಗ್ಳು ಚಾರ್ಜ್ ಕೊಟ್ಟು ಗಂಗಾವತಿಗೆ ಬಂದೀನಿ. 2019ರಿಂದ ಆರು ವರ್ಷ ಉಗಾಂಡದಾಗ ಚಿಂಪಾಂಜಿ ಉಳಸೋ ಒಂದು ಸಂಸ್ಥೆಯ ಆಫೀಸು ನಡಸಿದೆ, ಬಾಗ್ಲಿಗೆ ಕಂಟ್ರಿ ಡೈರೆಕ್ಟರ್ ಅಂತ ಬೋರ್ಡು, ನಮ್ಮ ಓಣ್ಯಾಗ ಮಾತ್ರ ಕಡೀತನಕ ‘ಮಂಗ್ಯಾ ಕಾಯೋ ನೌಕ್ರಿ’. ಹನುಮಪ್ಪ ನಮ್ಮ ಅಂಜನಾದ್ರಿ ಮ್ಯಾಲೇ ಹುಟ್ಯಾನ, 575 ಮೆಟ್ಲ ಹತ್ತಿದ್ರ ಕೈಯಾಗಿನ ಬಾಳೆಹಣ್ಣು ಕಸಗೊಳ್ಳಾಕ ಹಿಂಡುಗಟ್ಲೆ ಬರ್ತಾವ, ಅವನ್ನ ನೋಡಾಕ ಇಮಾನ ಹತ್ತಿ ಆಫ್ರಿಕಾಕ್ಕ ಹೋಗ್ಬೇಕೇನ ಅಂತ ಅವ್ವ ಕೇಳಿದ್ಲು. ಚಿಂಪಾಂಜಿ ಮಂಗ ಅಲ್ಲವ್ವಾ, ಅದಕ್ಕ ಬಾಲ ಇರಂಗಿಲ್ಲ ಅಂದೆ. ‘ಬಾಲಾನೂ ಇಲ್ಲದ್ದಕ್ಕ ಇಷ್ಟು ಪಗಾರ ಕೊಡ್ತಾರಾ’ ಅಂದ್ಲು.

ಖರೆ ಹೇಳ್ಬೇಕಂದ್ರ ನಾ ಕಾಡಿನಾಗ ಇದ್ದ ದಿನ ಭಾಳ ಕಮ್ಮಿ. ಆಡಿಟ್ಟು, ವರ್ಕ್ ಪರ್ಮಿಟ್ಟು, ಪಗಾರ ಶೀಟು, ಡೋನರ್ ರಿಪೋರ್ಟು, ಪಿಕಪ್ ಗಾಡಿ ಟೈರು, ಇದ್ರಾಗ ಆರು ವರ್ಷ ಹೋತು. ಕಾಡಿನ ಕೆಲ್ಸ ಮಾಡಿದವ್ರು ಬ್ಯಾರೇನ ಅದಾರ, ಅದಕ್ಕ ಈ ಬರಹ.

ಮೊದ್ಲು ಬುಡೊಂಗೊ ಕಾಡಿನ ನಮ್ಮ ಉರುಳು ತೆಗಿಯೋ ಟೀಮು. ಅಲ್ಲಿ ಮಂದಿ ಸಣ್ಣ ಜಿಂಕಿ, ಕಾಡಹಂದಿ ಹಿಡಿಯಾಕ ಸೈಕಲ್ ಬ್ರೇಕಿನ ವೈರು ಕಟ್ತಾರ, ನಮ್ಮ ಕಡೆ ಹೊಲದ ಬದುವಿಗೆ ಹಂದಿಗೆ ಅಂತ ಕ್ಲಚ್ ವೈರ್ ಕಟ್ತಾರಲ್ಲ ಅದ ಥರ. ಚಿಂಪಾಂಜಿನ ಹಿಡೀಬೇಕಂತ ಯಾರೂ ಕಟ್ಟಿರಂಗಿಲ್ಲ, ಆದ್ರ ಅದು ಬಂದು ಕೈ ಇಟ್ಟು ಎಳೀತಂದ್ರ ಬಿಗೀತೈತಿ, ವೈರ್ ಹರ್ಕಂಡು ಹೋದ್ರೂ ಬೆರಳು ಕೊಳೀತಾವ, ಒಮ್ಮೊಮ್ಮೆ ಇಡೀ ಪಂಜಾನ ಹೋಗ್ತೈತಿ. ಒಂದು ಹೆಣ್ಣು ಚಿಂಪಾಂಜಿ ಮರಿ ಹಾಕೋದು ಐದಾರು ವರ್ಷಕ್ಕೊಮ್ಮೆ, ಹಂಗಾಗಿ ಒಂದು ಸತ್ರೂ ಆ ಲೆಕ್ಕ ತುಂಬೋದು ಭಾಳ ತಡ. ನಮ್ಮ ಟೀಮಿನಾಗ ಅರ್ಧ ಮಂದಿ ಒಂದು ಕಾಲಕ್ಕ ತಾವ ಉರುಳು ಕಟ್ತಿದ್ದವ್ರು, ಯಾವ ದಾರ್ಯಾಗ ಕಟ್ಟಿರ್ತಾರ ಅಂತ ಅವ್ರಿಗೆ ಗೊತ್ತಿದ್ದಂಗ ಯಾವ ಪಿಎಚ್‌ಡಿ ಮಾಡಿದವ್ರಿಗೂ ಗೊತ್ತಿರ್ಲಿಲ್ಲ. ಮಳ್ಯಾಗ, ಜಿಗಣಿ ಕಡಿಸ್ಕೊಂಡು, ತೆಗೆದ ವೈರೆಲ್ಲಾ ಸಿಂಬಿ ಸುತ್ತಿ ತಂದು ನನ್ನ ಟೇಬಲ್ ಮ್ಯಾಲಿಟ್ಟು ‘ರಿಪೋರ್ಟ್ ಬರಕಳ್ರಿ ಮೇಡಂ’ ಅಂತ ನಗ್ತಿದ್ರು.

ಆ ಸೀಮಿಗೆ ಬುನ್ಯೋರೋ ಅಂತಾರ. ಅಲ್ಲಿ ಹೆಸ್ರಿನ ಜೋಡಿ ಎಂಪಾಕೋ ಅಂತ ಇನ್ನೊಂದು ಪ್ರೀತಿ ಹೆಸ್ರು ಇಡೋ ಪದ್ಧತಿ ಐತಿ, ಯುನೆಸ್ಕೋನೂ 2013ರಾಗ ಅದನ್ನ ಪಟ್ಟಿಗೆ ಸೇರಿಸೈತಿ. ನಂಗಿಲ್ಲ ಅಂದಿದ್ದಕ್ಕ ಪಾಪ ಅನಿಸ್ತೋ ಏನೋ, ಟೀಮಿನ ಹಿರ್ಯಾರೊಬ್ರು ‘ಅಕೀಕಿ’ ಅಂತಿಟ್ರು. ಇಲ್ಲಿ ಅಕ್ಕ, ಯಕ್ಕಾ ಅನ್ನಿಸ್ಕೊಂಡವಳಿಗೆ ಅದು ಪಟ್ನ ಹೊಂದಿಕೊಂತು.

ಈಗ ಮುಖ್ಯದ್ದು. ಅದ ಬುನ್ಯೋರೋ ಸೀಮಿಯ ಹೋಯ್ಮಾ ಊರಿನ ಕಡೆ ದೊಡ್ಡ ಕಾಡು ಉಳಿದಿಲ್ಲ, ಕಬ್ಬಿಗೆ ಅಂತ, ಮೆಕ್ಕೆಜೋಳಕ್ಕ ಅಂತ ಕಡದು ಕಡದು ಹಳ್ಳದ ದಂಡಿಗೆ ತುಂಡು ತುಂಡು ಉಳದೈತಿ, ಅದ್ರಾಗ ಚಿಂಪಾಂಜಿ ಅದಾವ, ಹಸಿವಾದ್ರ ಎಲ್ಲಿಗೆ ಹೋಗ್ಬೇಕವು, ಮಂದಿ ಹಿತ್ಲಾಗಿನ ಹಲಸು, ಮಾವು, ಪಪ್ಪಾಯಿಗೆ ಬರ್ತಾವ. ಬರೇ ಹಣ್ಣಾದ್ರ ಹೋಗ್ಲಿ ಬಿಡು ಅನ್ಬೋದಿತ್ತು, ಸಣ್ಣ ಹುಡುಗ್ರ ಮ್ಯಾಲೂ ಬಿದ್ದಾವ, ಕೆಲವು ಕಡೆ ಕೂಸುಗಳ ಜೀವಾನೂ ಹೋಗೈತಿ. ಇದನ್ನ ಫೋಟೊ ಹಾಕಿ ದೇಣಿಗೆ ಕೇಳೋ ಪೋಸ್ಟರಿನಾಗ ಯಾರೂ ಬರಿಯಂಗಿಲ್ಲ, ನಾವೂ ಬರೀಲಿಲ್ಲ.

ನಾ ಹೋದ ಮೊದ್ಲನೇ ವರ್ಷದಾಗ ಒಂದು ಹಳ್ಳಿ ಮೀಟಿಂಗು. ನಾ ಇಂಗ್ಲಿಷಿನಾಗ ಚಂದಾಗಿ ಮಾತಾಡಿದೆ, ನಮ್ಮ ಹುಡುಗ ಅದನ್ನ ಅವ್ರ ಭಾಷಿಗೆ ಹಾಕಿದ. ಹಿಂದ ಕುಂತ ಒಬ್ಬ ಹೆಣ್ಮಗಳು ಎದ್ದು ಕೇಳಿದ್ಲು, ಚಿಂಪಾಂಜಿಗೆ ಏನಾರ ಆದ್ರ ಹೇಳಾಕ ನಿಮ್ಮ ಆಫೀಸು ಐತಿ, ನನ್ನ ಮಗಳು ನೀರಿಗೆ ಹೋಗಿ ಹೆದರ್ಕಂಡು ಓಡಿ ಬಂದ್ಲು, ನಾ ಯಾವ ಆಫೀಸಿಗೆ ಹೋಗ್ಲಿ?

ಟ್ರೇನಿಂಗಿನಾಗ ಕಲಿಸಿದ್ದ ಉತ್ರ ಎಲ್ಲಾ ಬಾಯ್ತನಕ ಬಂದು ನಿಂತ್ವು. ಯಾಕಂದ್ರ ನಂಗ ಆಗ ನೆನಪಾಗಿದ್ದು ನಮ್ಮ ಸೋದರಮಾವ. ಕೊಪ್ಪಳದ ಗುಡ್ಡದ ಸಾಲಿಗೆ ಹೊಲ, ನಸುಕಿನಾಗ ನೀರು ತಿರುವಾಕ ಹೋದಾಗ ಕರಡಿ ಬಿದ್ದು ಎಡಗಡೆ ಕೆನ್ನಿ, ಕಣ್ಣಿನ ಬುಡದತನ ಹರದಿತ್ತು, ನಾ ಆಗ ಐದನೇತ್ತ. ಹೊಲಿಗಿ ಹಾಕಿದ ಗುರ್ತು ಇನ್ನೂ ಐತಿ. ಆಗ ನಮ್ಮ ಅಜ್ಜಿ ಯಾರನ್ನ ಕೇಳ್ಬೇಕಂತ ಗೊತ್ತಾಗ್ದ ಕರಡಿನ್ನ ಬೈದು, ದೇವ್ರನ್ನ ಬೈದು ಸುಮ್ಮಾಗಿದ್ಲು. ನಾ ಮೀಟಿಂಗಿನಾಗ ಪೇಪರ್ ಮಡಚಿಟ್ಟು ಮಾವನ ಕಥಿ ಹೇಳಿದೆ, ಅಷ್ಟ. ಆಮ್ಯಾಲೆ ಆಕಿ ಪಕ್ಕ ಬಂದು ಕುಂತ್ಲು.

ಆಕಿ ಹೇಳಿದ್ದೇನು ಅಂದ್ರ ಮಕ್ಳು ಕಾಡಿನ ಝರಿಗೆ ನೀರಿಗೆ ಹೋಗೋದು ತಪ್ಪಿದ್ರ ಅರ್ಧ ತಾಪತ್ರಯ ಕಮ್ಮಿ ಆಕೈತಿ ಅಂತ. ನಮ್ಮ ಬಜೆಟ್ಟಿನಾಗ ಬೋರ್‌ವೆಲ್ ಅನ್ನೋ ಸಾಲು ಇದ್ದಿಲ್ಲ, ‘ಇದು ಚಿಂಪಾಂಜಿ ಸಂಸ್ಥೆ, ನೀರಿನ ಸಂಸ್ಥೆ ಅಲ್ಲ’ ಅಂತ ಮ್ಯಾಲಿನವ್ರ ಜೋಡಿ ಎಂಟು ತಿಂಗ್ಳು ಮೇಲ್ ಜಗಳ. ಕೊನಿಗೆ ಕೈಪಂಪು ಬಂತು. ಕಾಡು ಕಡೀದ ಉಳಿಸ್ಕೊಂಡ ಮನಿಗಳಿಗೆ ಮಕ್ಳ ಸ್ಕೂಲ್ ಫೀ, ಕಾಫಿ ಸಸಿ ಕೊಡೋದು ಆಮ್ಯಾಲೆ ಶುರುವಾತು. ನನ್ನ ಹೆಸ್ರಿನ ಮ್ಯಾಲೆ ಬಂದ ಹೊಗಳಿಕೆ ಎಲ್ಲಾ ಆಕಿದು. ತಂಗೆವ್ವಾ, ನೀ ಇದನ್ನ ಓದಂಗಿಲ್ಲ, ಆದ್ರೂ ವೇಬಲೆ. ನಿಮ್ಮಲ್ಲಿ ಉಪಕಾರ ಆತು ಅನ್ನೋದು ಹಂಗ ಅಲ್ಲೇನು?

ಕೊರೋನಾದ 2020 ಹೇಳ್ಬೇಕು, ಬ್ಯಾಡ ಅನಿಸಿದ್ರೂ. ಮಾರ್ಚಿನಾಗ ಉಗಾಂಡದ ಎಂಟೆಬೆ ಏರ್‌ಪೋರ್ಟ್ ಬಂದ್ ಆಗಿದ್ದು ತೆಗೆದಿದ್ದು ಅಕ್ಟೋಬರ್ 1ಕ್ಕ. ಮನುಷ್ಯಾರ ನೆಗಡಿ ಚಿಂಪಾಂಜಿಗೆ ಎಷ್ಟು ಕೆಟ್ಟದ್ದಂದ್ರ 2013ರಾಗ ಉಗಾಂಡದ್ದ ಕಿಬಾಲೆ ಕಾಡಿನಾಗ ಒಂದ ಗುಂಪಿನಾಗ 5 ಸತ್ತಿದ್ವು, ಅದೂ ನಮಗ ಬರೇ ಮೂಗು ಸೋರಿಸೋ ವೈರಸ್ಸಿಗೆ. ಹಂಗಾಗಿ ಕಾಡಿಗೆ ಹೋಗೋವ್ರನ್ನ ಅಲ್ಲೇ ಕ್ಯಾಂಪಿನಾಗ ಇರ್ಸಿದ್ವಿ, ತಿಂಗಳಾನಗಟ್ಲೆ ಮನಿ ಮುಖ ನೋಡಲಿಲ್ಲ ಅವ್ರು. ಅದ ಹೊತ್ತಿಗೆ ದೊಡ್ಡ ಡೋನರ್ ಒಬ್ರು ಕೈ ಎತ್ತಿದ್ರು. ನಮ್ಮ ಅಕೌಂಟೆಂಟ್ ಮೇಡಂ ಶೀಟ್ ತಂದು ಮೊದ್ಲು ನನ್ನ ಪಗಾರದ ಸಾಲಿಗೆ ಕೆಂಪು ಪೆನ್ನು ಎಳದು, ಹಿಂದಾಗಡೆ ತಂದಕ್ಕ ಎಳದು, ‘ಈಗ ಕಾಡಿನವ್ರಿಗೆ ಪೂರಾ ಕೊಡಬೋದು’ ಅಂದ್ರು. ಆ ಪೆನ್ನಿಗೆ ನಾ ಇವತ್ತಿಗೂ ಕೈ ಮುಗಿತೀನಿ.

ಇಲ್ಲಿ ಆ ಮೇ ತಿಂಗ್ಳಾಗ ಅಪ್ಪಗ ಲಕ್ವಾ ಹೊಡೀತು. ನಾ ಅಲ್ಲಿ ಫೋನ್ ಹಿಡ್ಕಂಡು ಕುಂತಿದ್ದೆ, ಅಷ್ಟ ಮಾಡಾಕ ಆಗಿದ್ದು. ಪಕ್ಕದ ಮನಿ ಕಾಕಾ ಅಕ್ಕಿ ಮೂಟಿ ಇಳಿಸಿ ಟಾಟಾ ಏಸ್ ತಂದ, ಮಾವ ಅಪ್ಪನ್ನ ತೊಡಿ ಮ್ಯಾಲೆ ಮಲಗಿಸ್ಕೊಂಡು ಹಿಂದ ಕುಂತ, ಮೊದ್ಲನೇ ದವಾಖಾನ್ಯಾಗ ಬೆಡ್ ಇಲ್ಲ ಅಂದ್ರು, ಎರಡನೇದ್ರಾಗೂ ಇಲ್ಲ, ಮೂರನೇದ್ರಾಗ ತಗಂಡ್ರು. ಓಣಿ ಹೆಣ್ಮಕ್ಳು ಹನ್ನೊಂದು ದಿನ ಪಾಳಿ ಹಚ್ಚಿ ಅವ್ವಗ ರೊಟ್ಟಿ ಕಟ್ಟಿಕೊಟ್ಟಾರ, ಆ ಹೊತ್ತಿನಾಗ, ಒಬ್ಬರ ಬಾಗ್ಲಕ್ಕ ಇನ್ನೊಬ್ರು ಬರಾಕ ಹೆದರೋ ಟೈಮಿನಾಗ. ಅಪ್ಪ ಈಗ ಕೋಲ್ ಹಿಡ್ಕಂಡು ಚಾದಂಗಡಿತನಕ ಹೋಗ್ತಾನ, ಬೀಡಿ ಸೇದಬ್ಯಾಡ ಅಂದ್ರ ಮಾತು ಬರಂಗಿಲ್ಲ ಅನ್ನಂಗ ನಟನಿ ಮಾಡ್ತಾನ. ಇವ್ರಿಗೆಲ್ಲಾ ಥ್ಯಾಂಕ್ಸ್ ಅನ್ನಾಕ ಹೋದ್ರ ‘ಭಾಳ ಶ್ಯಾಣ್ಯಾಕಿ ಆಗಿ ಬಂದೀ’ ಅಂತ ಬೈದ್ರು, ಅದಕ್ಕ ಇಲ್ಲಿ ಬರದೀನಿ, ಇಲ್ಲಿ ಬೈರಿ.

ನನ್ನ ಕುರ್ಚ್ಯಾಗ ಈಗ ಉಗಾಂಡದವ್ರ ಒಬ್ರು ಮೇಡಂ ಕುಂತಾರ. ಮೊದ್ಲೇ ಕುಂದ್ರಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಮೊನ್ನೆ ಮಾವ ಮಿರ್ಚಿ, ಮಂಡಾಳ ಒಗ್ಗರಣಿ ಕಟ್ಟಿಸ್ಕೊಂಡು ಮನಿಗೆ ಬಂದಿದ್ದ. ತಿನ್ಕೊಂತ ಕೇಳಿದ, ಯವ್ವಾ, ಆ ನಿನ್ನ ಬೈದ ಹೆಣ್ಮಗಳ ಹಿತ್ಲಾಗ ಹಲಸಿನ ಗಿಡ ಇತ್ತಂದಿಯಲ್ಲ, ಇನ್ನೂ ಐತೇನು ಕಡದ್ಲೇನು? ಅಲ್ಲೇ ಫೋನ್ ಹಚ್ಚಿ ಟೀಮಿನ ಹುಡುಗನ್ನ ಕೇಳಿದೆ. ಐತಂತ. ಈ ಸಲ ಬುಡದಾಗಿನ ಹಣ್ಣು ಆಕಿ ಇಳಿಸ್ಕೊಂಡಾಳಂತ, ಮ್ಯಾಲಿನ್ವು ಅವು ತಿಂದಾವಂತ.