ಕುರ್ಚಿ ಬದಲಿಸುವ ಮೊದಲು ಮೇಜಿನ ಎತ್ತರ ಅಳೆಯಿರಿ

ಸಂಪಾದಕರೇ,

ಕಚೇರಿಯಲ್ಲಿ ನಾಲ್ಕು ಜನ ಬೆನ್ನುನೋವು, ಕುತ್ತಿಗೆ ನೋವು ಅಂತ ದೂರತೊಡಗಿದರೆ ಆಡಳಿತ ವಿಭಾಗದವರಿಗೆ ಮೊದಲು ಹೊಳೆಯುವ ಪರಿಹಾರ ಹೊಸ ಕುರ್ಚಿ. ಕ್ಯಾಟಲಾಗ್ ತರಿಸುತ್ತಾರೆ, ಜಾಲರಿ ಬೆನ್ನಿನ, ನಾಲ್ಕೈದು ಲಿವರ್‌ಗಳ ದುಬಾರಿ ಕುರ್ಚಿ ಬರುತ್ತದೆ. ಕೆಲವು ತಿಂಗಳಲ್ಲಿ ಮತ್ತದೇ ನೋವು, ಅದೇ ದೂರು. ಕುರ್ಚಿ ಕೆಟ್ಟದ್ದು ಅಂತಲ್ಲ. ತೊಂದರೆ ಹೆಚ್ಚಿನ ಕಡೆ ಮೇಜಿನದು, ಆದರೆ ಮೇಜನ್ನು ಯಾರೂ ಅಳೆದು ನೋಡುವುದಿಲ್ಲ.

ಸಾಮಾನ್ಯ ಕಚೇರಿ ಮೇಜಿನ ಎತ್ತರ 72ರಿಂದ 75 ಸೆಂ.ಮೀ. ಕಾಗದ ಇಟ್ಟು ಬರೆಯುವುದಕ್ಕೆ ಅದು ಒಗ್ಗೀತು. ಕೀಬೋರ್ಡ್ ಇಟ್ಟರೆ ಅದರ ಮೇಲೆ ಇನ್ನೆರಡು ಸೆಂ.ಮೀ. ಸೇರಿತು. ತೋಳು ಮೈಪಕ್ಕದಲ್ಲಿ ಸಡಿಲವಾಗಿ ಇಳಿಬಿದ್ದು, ಮೊಣಕೈ 90ರಿಂದ 110 ಡಿಗ್ರಿ ಮಡಿಸಿದಾಗ ಬೆರಳು ಎಲ್ಲಿಗೆ ಬರುತ್ತದೋ ಕೀಲಿಗಳು ಅಲ್ಲಿರಬೇಕು. 155 ಸೆಂ.ಮೀ. ಎತ್ತರದವರೊಬ್ಬರು ಪಾದ ನೆಲಕ್ಕೂರಿ ಕೂತರೆ ಅವರ ಮೊಣಕೈ ನೆಲದಿಂದ ಹೆಚ್ಚುಕಡಿಮೆ 62–64 ಸೆಂ.ಮೀ. ಎತ್ತರದಲ್ಲಿರುತ್ತದೆ. ಅಂದರೆ ಕೀಬೋರ್ಡ್ ಅವರಿಗೆ ಹತ್ತು ಸೆಂ.ಮೀ.ಗೂ ಹೆಚ್ಚು ಮೇಲಿದೆ. ಈ ಅಂತರವನ್ನು ದೇಹ ಹೇಗಾದರೂ ತುಂಬಿಕೊಳ್ಳಲೇಬೇಕಲ್ಲ? ಒಂದೋ ಭುಜ ಕಿವಿಯತ್ತ ಏರುತ್ತದೆ, ಸಂಜೆಯ ಹೊತ್ತಿಗೆ ಕುತ್ತಿಗೆಯ ಬುಡ ಬಿಗಿದುಕೊಳ್ಳುತ್ತದೆ. ಇಲ್ಲವೇ ಕುರ್ಚಿ ಏರಿಸುತ್ತಾರೆ, ಕಾಲು ತೇಲುತ್ತದೆ. ಕಾಲು ತೇಲಿದರೆ ಏನಾಗುತ್ತದೆ ಅಂತ ಮೇಜಿನ ಕೆಳಗೆ ಬಗ್ಗಿ ನೋಡಿದರೆ ಸಾಕು: ಪಾದಗಳು ಕುರ್ಚಿಯ ಚಕ್ರದ ಕಾಲುಗಳನ್ನು ಕೊಕ್ಕೆ ಹಾಕಿ ಹಿಡಿದಿರುತ್ತವೆ, ಸೀಟಿನ ಅಂಚು ತೊಡೆಯ ಅಡಿಗೆ ಒತ್ತುತ್ತಿರುತ್ತದೆ, ಆಸರೆ ಹುಡುಕುತ್ತ ಮೈ ಸೀಟಿನ ತುದಿಗೆ ಜಾರಿರುತ್ತದೆ. ಬೆನ್ನಿಗೂ ಕುರ್ಚಿಯ ಒರಗಿಗೂ ನಡುವೆ ಒಂದು ಗೇಣು ಖಾಲಿ. ಅಷ್ಟು ಹಣ ಕೊಟ್ಟು ತಂದ ಸೊಂಟದ ಆಸರೆ ಬರೀ ಗಾಳಿಗೆ ಆಸರೆ ಕೊಡುತ್ತಿರುತ್ತದೆ.

ಗೋಡೆಗೆ ಅಂಟಿಸುವ ಭಿತ್ತಿಪತ್ರಗಳಲ್ಲಿ ‘ಮೊದಲು ಪಾದ ನೆಲಕ್ಕೆ ತಾಗುವಂತೆ ಕುರ್ಚಿ ಹೊಂದಿಸಿ’ ಅಂತ ಬರೆದಿರುತ್ತದೆ. ಮೇಜಿನ ಎತ್ತರವನ್ನೂ ಬದಲಿಸಬಹುದಾದ ಕಡೆ ಮಾತ್ರ ಈ ಮಾತು ಸರಿ. ಮೇಜು ಅಲುಗದ ಕಡೆ ಲೆಕ್ಕ ತಿರುಗಾಮುರುಗಾ. ಮೊದಲು ಮೊಣಕೈ ಕೀಬೋರ್ಡ್ ಮಟ್ಟಕ್ಕೆ ಬರುವಷ್ಟು ಕುರ್ಚಿ ಏರಿಸಬೇಕು, ಆಮೇಲೆ ಪಾದ ಎಷ್ಟು ತೇಲುತ್ತದೋ ಅಷ್ಟೇ ಎತ್ತರದ ಕಾಲುಮಣೆ ಕೊಡಬೇಕು. ಮಣೆ ಎರಡೂ ಪಾದ ಅಡ್ಡಾಡುವಷ್ಟು ಅಗಲ, ಅಂದರೆ ಸುಮಾರು 45 ಸೆಂ.ಮೀ. ಅಗಲ, 30 ಸೆಂ.ಮೀ. ಆಳ ಇರಲಿ, ಜಾರದಂತಿರಲಿ. ತುಸು ಇಳಿಜಾರಿದ್ದರೆ ಒಳ್ಳೆಯದು, 15 ಡಿಗ್ರಿಗಿಂತ ಹೆಚ್ಚು ಬೇಡ. ಅದು ಬರುವವರೆಗೆ ಎ4 ಕಾಗದದ ಬಿಚ್ಚದ ರೀಮ್‌ಗಳೇ ಸಾಕು. ಒಂದು ರೀಮ್ ಸುಮಾರು ಐದು ಸೆಂ.ಮೀ. ದಪ್ಪ. ಎರಡೆರಡನ್ನು ಒಂದರ ಮೇಲೊಂದಿಟ್ಟು ಟೇಪ್ ಸುತ್ತಿ, ಅಂಥ ಎರಡು ಜೋಡಿ ಅಕ್ಕಪಕ್ಕ ಇಟ್ಟರೆ ಹತ್ತು ಸೆಂ.ಮೀ. ಮಣೆ ತಯಾರು.

ಎತ್ತರದವರ ಕಷ್ಟ ಇದಕ್ಕೆ ವಿರುದ್ಧ. ಅವರಿಗೆ ಮೇಜಿನ ಕಾಲಿನಡಿ ಗಟ್ಟಿ ಮರದ ದಿಮ್ಮಿ ಕೊಟ್ಟರೆ ಆಯಿತು, ಜಾರದಂತೆ ಕೂರಿಸಿದರೆ ಸರಿ.

ಮೇಜಿನಡಿ ಜಾರುವ ಕೀಬೋರ್ಡ್ ಟ್ರೇ ಹಾಕಿಸುವುದು ಇನ್ನೊಂದು ದಾರಿ. ಆದರೆ ಅಗ್ಗದ ಟ್ರೇಗಳು ಕೀಬೋರ್ಡ್‌ಗೆ ಮಾತ್ರ ಸಾಕಾಗುತ್ತವೆ, ಮೌಸ್ ಮೇಲಿನ ಮೇಜಿನಲ್ಲೇ ಉಳಿಯುತ್ತದೆ. ದಿನವಿಡೀ ಬಲಗೈ ಮೇಲಕ್ಕೂ ಮುಂದಕ್ಕೂ ಚಾಚಿಕೊಂಡೇ ಇದ್ದರೆ ಮೊದಲಿದ್ದ ಕುತ್ತಿಗೆ ನೋವಿಗೆ ಭುಜದ ನೋವು ಜತೆಯಾಗುತ್ತದೆ. ಎರಡೂ ಒಂದೇ ಮಟ್ಟದಲ್ಲಿ ಕೂರುವಂತೆ ಟ್ರೇ ಕನಿಷ್ಠ 65–70 ಸೆಂ.ಮೀ. ಅಗಲ ಬೇಕು. ಅಂಕಿಗಳ ಕೀಲಿ ಬಳಸದವರಿಗೆ ಆ ಭಾಗವೇ ಇಲ್ಲದ ಗಿಡ್ಡ ಕೀಬೋರ್ಡ್ ಕೊಡಿ, ಮೌಸ್ ಅಷ್ಟು ಹತ್ತಿರ ಬರುತ್ತದೆ. ಕೀಬೋರ್ಡ್‌ನ ಹಿಂಬದಿಯ ಪುಟ್ಟ ಕಾಲುಗಳನ್ನು ಮಡಚಿಯೇ ಇಡಿ. ಅವನ್ನು ಎಬ್ಬಿಸಿದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ, ಅಲ್ಲಿ ಹಾದುಹೋಗುವ ನರಕ್ಕೆ ಇಕ್ಕಟ್ಟಾಗುತ್ತದೆ. ಮಣಿಕಟ್ಟಿನ ಮೆತ್ತೆಯ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಅದು ಟೈಪಿಂಗ್ ನಿಲ್ಲಿಸಿದಾಗ ಅಂಗೈಯ ಬುಡ ಊರುವುದಕ್ಕೆ. ಮಣಿಕಟ್ಟನ್ನು ಅದಕ್ಕೆ ಒತ್ತಿಕೊಂಡೇ ಟೈಪ್ ಮಾಡಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಇನ್ನು ಲ್ಯಾಪ್‌ಟಾಪ್. ಅದರಲ್ಲಿ ಸ್ಕ್ರೀನ್ ಕಣ್ಣಿಗೆ ಸರಿಯಾದರೆ ಕೀಬೋರ್ಡ್ ಕೈಗೆ ಎತ್ತರ, ಕೀಬೋರ್ಡ್ ಕೈಗೆ ಸರಿಯಾದರೆ ಸ್ಕ್ರೀನ್ ಕಣ್ಣಿಗೆ ತೀರಾ ಕೆಳಗೆ. ತಲೆಯ ಭಾರ ನಾಲ್ಕೂವರೆ–ಐದು ಕಿಲೋ. ಅದು ಮುಂದಕ್ಕೆ ಬಾಗಿದಷ್ಟೂ ಹಿಡಿದು ನಿಲ್ಲಿಸುವ ಕುತ್ತಿಗೆಯ ಸ್ನಾಯುಗಳಿಗೆ ದುಡಿಮೆ ಹೆಚ್ಚು. ಕಂಪ್ಯೂಟರ್ ಕೆಲಸದ ಬಗ್ಗೆ ಯುರೋಪಿನ ದೇಶಗಳು 1990ರಲ್ಲಿ ಹೊರಡಿಸಿದ 90/270 ನಿರ್ದೇಶನ ಕೀಬೋರ್ಡ್ ಸ್ಕ್ರೀನ್‌ನಿಂದ ಬೇರೆಯಾಗಿರಬೇಕು ಅಂತ ಆಗಲೇ ಹೇಳಿತ್ತು. ಒಂದೇ ಜಾಗದಲ್ಲಿ ಬಹಳ ಹೊತ್ತು ಬಳಸದ, ಕೈಯಲ್ಲಿ ಒಯ್ಯುವ ಯಂತ್ರಗಳಿಗೆ ಮಾತ್ರ ವಿನಾಯಿತಿ ಇತ್ತು. ಈಗ ನೋಡಿದರೆ ಕೈಯಲ್ಲಿ ಒಯ್ಯಬೇಕಾದ ಯಂತ್ರವೇ ಮೇಜಿನ ಮೇಲೆ ಎಂಟು ಗಂಟೆ ಕೂತಿರುತ್ತದೆ. ಪರಿಹಾರ ಕಷ್ಟದ್ದಲ್ಲ: ಲ್ಯಾಪ್‌ಟಾಪನ್ನು ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಷ್ಟು, ಸಾಮಾನ್ಯವಾಗಿ 12ರಿಂದ 20 ಸೆಂ.ಮೀ., ಸ್ಟ್ಯಾಂಡ್ ಮೇಲೆ ಎತ್ತಿ, ಬೇರೆ ಕೀಬೋರ್ಡ್ ಮತ್ತು ಮೌಸ್ ಜೋಡಿಸಿ. ಮೂರೂ ಒಟ್ಟಿಗೇ ಬರಬೇಕು. ಸ್ಟ್ಯಾಂಡ್ ಮಾತ್ರ ಹಂಚಿ ಕೈತೊಳೆದುಕೊಳ್ಳುವ ಕಚೇರಿಗಳಿವೆ, ಅಲ್ಲಿ ಜನ ಎತ್ತರದಲ್ಲಿರುವ ಅದೇ ಕೀಲಿಗಳಿಗೆ ಕೈ ಎತ್ತಿ ಟೈಪ್ ಮಾಡುತ್ತಿರುತ್ತಾರೆ. ಅದಕ್ಕಿಂತ ಸ್ಟ್ಯಾಂಡ್ ಕೊಡದಿದ್ದರೇ ವಾಸಿ.

ಮಾನಿಟರ್ ಕೈ ಚಾಚಿದರೆ ಬೆರಳ ತುದಿ ತಾಗುವಷ್ಟು ದೂರದಲ್ಲಿ, ಅಂದರೆ 50–70 ಸೆಂ.ಮೀ. ಅಂತರದಲ್ಲಿರಲಿ. ದೊಡ್ಡ ಸ್ಕ್ರೀನ್ ಆದರೆ ಇನ್ನೂ ಹಿಂದಕ್ಕೆ. ಅಕ್ಷರ ಕಾಣದಿದ್ದರೆ ಅಕ್ಷರ ಹಿಗ್ಗಿಸಬೇಕೇ ಹೊರತು ಮುಖ ಮುಂದೆ ಚಾಚಬಾರದು. ಮೇಲಂಚು ಕಣ್ಣಿನ ಮಟ್ಟಕ್ಕೆ ಅನ್ನುವ ನಿಯಮ ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಬೈಫೋಕಲ್, ಪ್ರೊಗ್ರೆಸಿವ್ ಕನ್ನಡಕದವರಿಗೆ ಹೊಂದುವುದಿಲ್ಲ. ಅವರು ಗಾಜಿನ ಕೆಳಭಾಗದಿಂದ ನೋಡಬೇಕಾಗುವುದರಿಂದ ಗದ್ದ ಮೇಲೆತ್ತುತ್ತಾರೆ, ಕುತ್ತಿಗೆ ಹಿಂದಕ್ಕೆ ಮಡಚುತ್ತದೆ. ಅಂಥವರ ಸ್ಕ್ರೀನನ್ನು ಐದಾರು ಸೆಂ.ಮೀ. ಇಳಿಸಿ ಮೇಲ್ಮುಖವಾಗಿ ತುಸು ವಾಲಿಸಿ. ಗದ್ದ ಸಮಕ್ಕೆ ಬಂದರೆ ಎತ್ತರ ಸರಿಯಾಯಿತು ಎಂದರ್ಥ. ಕಿಟಕಿ ಸ್ಕ್ರೀನಿನ ಹಿಂದೆಯೂ ಬೇಡ, ಕೂತವರ ಬೆನ್ನ ಹಿಂದೆಯೂ ಬೇಡ, ಪಕ್ಕಕ್ಕಿರಲಿ. ಸ್ಕ್ರೀನ್ ನೋಡುವಾಗ ಕಣ್ಣು ಮಿಟುಕಿಸುವುದು ತಾನಾಗಿಯೇ ಕಡಿಮೆಯಾಗುತ್ತದೆ. ಅದರ ಜತೆಗೆ ಎಸಿಯ ಗಾಳಿಯೂ ನೇರ ಮುಖಕ್ಕೆ ಬಿದ್ದರೆ ಕಣ್ಣು ಒಣಗಿ ಉರಿಯದೆ ಇನ್ನೇನು? 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸ ಸುಲಭದ್ದು, ಆದರೆ ಗಾಳಿ ಬೇರೆಡೆ ಹೋಗುವಂತೆ ಎಸಿಯ ರೆಕ್ಕೆ ತಿರುಗಿಸುವುದು ಅದಕ್ಕೂ ಮೊದಲಿನ ಕೆಲಸ.

ಈಗ ಕುರ್ಚಿಯ ಮಾತು. ಇರುವ ಕುರ್ಚಿಯನ್ನೇ ಸರಿಯಾಗಿ ಹೊಂದಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ಬೆನ್ನು ಒರಗಿಗೆ ತಾಗಿಸಿ ಕೂತಾಗ ಸೀಟಿನ ಅಂಚಿಗೂ ಮೊಣಕಾಲಿನ ಹಿಂಬದಿಗೂ ಎರಡು–ಮೂರು ಬೆರಳಿನ ಅಂತರ ಉಳಿಯಬೇಕು. ಉಳಿಯದಿದ್ದರೆ ಸೀಟು ಹಿಂದಕ್ಕೆ ಸರಿಸಿ, ಅದು ಸರಿಯದ ಕುರ್ಚಿಯಾದರೆ ಸೊಂಟಕ್ಕೆ ದಿಂಬು ಕೊಡಿ. ಒರಗಿನ ಉಬ್ಬು ಬೆಲ್ಟ್ ಕಟ್ಟುವ ಜಾಗಕ್ಕೆ ಬರಲಿ. ನೆಟ್ಟಗೆ 90 ಡಿಗ್ರಿಯಲ್ಲಿ ಕೂರಬೇಕೆಂಬುದು ಹಳೆಯ ಶಿಸ್ತು. 100–110 ಡಿಗ್ರಿಗೆ ಒರಗಿದರೆ ಮೈಭಾರದಲ್ಲಿ ಒಂದು ಪಾಲನ್ನು ಕುರ್ಚಿ ಹೊರುತ್ತದೆ. ಸೀಟಿನಡಿ ಇರುವ ದುಂಡನೆಯ ತಿರುಪು ಒರಗಿನ ಬಿಗಿ ಹೊಂದಿಸುವುದಕ್ಕೆ. ಹಗುರ ಮೈಯವರು ಅದನ್ನು ಸಡಿಲಿಸದಿದ್ದರೆ ಒರಗು ಅಲುಗುವುದೇ ಇಲ್ಲ. ಆರ್ಮ್‌ರೆಸ್ಟ್‌ಗಳ ಮುಂತುದಿಯಲ್ಲಿ ರಬ್ಬರ್ ಸವೆದು ಗೀರು ಬಿದ್ದಿದೆಯೇ ನೋಡಿ. ಇದ್ದರೆ ಅವು ಮೇಜಿನಂಚಿಗೆ ಬಡಿಯುತ್ತಿವೆ, ಕೂತವರು ಮೇಜಿನ ಹತ್ತಿರ ಬರಲಾಗುತ್ತಿಲ್ಲ ಅಂತಲೇ ತಿಳಿಯಿರಿ. ಅವನ್ನು ಇಳಿಸಿ, ಆಗದಿದ್ದರೆ ಬಿಚ್ಚಿಬಿಡಿ. ಕೂತಂತೆ ಕೂತಂತೆ ಕುರ್ಚಿ ಕುಸಿಯುತ್ತಿದ್ದರೆ ಹೋಗಿರುವುದು ಸೀಟನ್ನು ಏರಿಸಿ ಇಳಿಸುವ, ಸೀಟಿನಡಿಯ ಗ್ಯಾಸ್ ಸಿಲಿಂಡರ್ ಮಾತ್ರ. ಅದನ್ನು ಬದಲಿಸಬಹುದು, ಇಡೀ ಕುರ್ಚಿ ಗುಜರಿಗೆ ಹಾಕಬೇಕಿಲ್ಲ.

ಇಷ್ಟೆಲ್ಲ ಮಾಡಿಯೂ ಮೂರು ಗಂಟೆ ಅಲುಗದೆ ಕೂತರೆ ನೋವು ಬಂದೇ ಬರುತ್ತದೆ. ನಿಂತು ಕೆಲಸ ಮಾಡುವ ಮೇಜು ಕೊಂಡವರು ದಿನವಿಡೀ ನಿಂತು, ಪಾದ ಮತ್ತು ಮೀನಖಂಡದ ನೋವು ತಂದುಕೊಂಡು, ಮತ್ತೆ ಅದನ್ನು ಕೆಳಗಿಳಿಸಿ ಹಾಗೇ ಬಿಟ್ಟಿರುತ್ತಾರೆ. ಅರ್ಧ ಗಂಟೆಗೊಮ್ಮೆ ಭಂಗಿ ಬದಲಾಗುವುದು ಮುಖ್ಯ, ನಿಲ್ಲುವುದಲ್ಲ. ಪ್ರಿಂಟರ್, ಕುಡಿಯುವ ನೀರು ಎದ್ದು ಹೋಗುವಷ್ಟು ದೂರದಲ್ಲಿದ್ದರೆ ಯಾರೂ ನೆನಪಿಸಬೇಕಾಗಿಲ್ಲ. ಫೋನ್ ಹೆಚ್ಚು ಬಳಸುವವರಿಗೆ ಹೆಡ್‌ಸೆಟ್ ಕೊಡಿ, ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಟೈಪ್ ಮಾಡುವುದು ನಿಲ್ಲುತ್ತದೆ.

ಪೀಠೋಪಕರಣ ಖರೀದಿಸುವವರಲ್ಲಿ ಒಂದು ಮನವಿ. ಮುಂದಿನ ಖರೀದಿ ಪಟ್ಟಿಯಲ್ಲಿ ಕುರ್ಚಿಯ ಮಾದರಿ ಹೆಸರಿಸುವ ಮೊದಲು, ಮೇಜಿನ ಎತ್ತರ ಸುಮಾರು 62ರಿಂದ 80 ಸೆಂ.ಮೀ. ನಡುವೆ ಹೊಂದಿಸುವಂತಿರಬೇಕು ಅಂತ ಬರೆಯಿರಿ. ಅಷ್ಟು ಹಣವಿಲ್ಲದಿದ್ದರೆ ತಲೆಗೊಂದು ಕಾಲುಮಣೆ ಮತ್ತು ಬೇರೆ ಕೀಬೋರ್ಡ್ ಸೇರಿಸಿ. ಕುರ್ಚಿ ತಂದಿಳಿಸುವ ವ್ಯಾಪಾರಿಯಿಂದ ಪ್ರತಿಯೊಬ್ಬರ ಬಳಿ ಹತ್ತು ನಿಮಿಷ ನಿಂತು ಲಿವರ್ ಹೊಂದಿಸಿಕೊಡುವ ಕೆಲಸವನ್ನೂ ಬರೆಸಿಕೊಳ್ಳಿ. ಒಂದೇ ಜಾಗವನ್ನು ಪಾಳಿಯಲ್ಲಿ ಬೇರೆ ಬೇರೆಯವರು ಬಳಸುವ ಕಡೆ ಮೇಜಿನ ಕಾಲಿಗೆ ನೆಲದಿಂದ ಮೇಲಕ್ಕೆ ಸೆಂಟಿಮೀಟರ್ ಗುರುತಿನ ಟೇಪ್ ಅಂಟಿಸಿಡಿ. ತಮ್ಮ ಸೀಟಿನ ಎತ್ತರದ ಅಂಕಿ ಗೊತ್ತಿದ್ದವರು ಬಂದ ತಕ್ಷಣ ಕುರ್ಚಿಯನ್ನು ಆ ಮಟ್ಟಕ್ಕೆ ಹೊಂದಿಸಿಕೊಂಡು ಕೆಲಸ ಶುರುಮಾಡಬಹುದು.

– ಔದ್ಯೋಗಿಕ ಆರೋಗ್ಯ ಕ್ಷೇತ್ರದ ಓದುಗ