ರಿಮೋಟ್ ಡೆಸ್ಕ್‌ಟಾಪ್ ಕನೆಕ್ಟ್ ಆಗದಿದ್ದರೆ ಮೊದಲು ಇದನ್ನು ನೋಡಿ

ಎಲ್ಲರಿಗೂ ನಮಸ್ಕಾರ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ (ಅಂದರೆ ಒಂದು ಕಂಪ್ಯೂಟರ್‌ನಲ್ಲಿ ಕೂತು ದೂರದ ಇನ್ನೊಂದರ ಪರದೆ ತೆರೆದು ಕೆಲಸ ಮಾಡುವಾಗ) ಮ್ಯಾಕ್, ಉಬುಂಟು (ಲಿನಕ್ಸ್‌ನ ಒಂದು ಬಗೆ) ಕಂಪ್ಯೂಟರ್‌ನಿಂದ ವಿಂಡೋಸ್‌ಗೆ ಕನೆಕ್ಟ್ ಆಗುತ್ತಿಲ್ಲ ಎಂದು ಸುಮಾರು ಜನ ಕೇಳಿದ್ದೀರಿ. ಮೊದಲು ಆ ವಿಂಡೋಸ್ ಹೋಮ್ ಎಡಿಷನ್ನೋ ಪ್ರೊ ಎಡಿಷನ್ನೋ ನೋಡಿ. ಹೋಮ್ ಇರುವ ಕಂಪ್ಯೂಟರ್‌ಗೆ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬರಲು ಆಗುವುದಿಲ್ಲ. ಸುಮ್ನೆ ಸೆಟ್ಟಿಂಗ್ಸ್ ಹುಡುಕುತ್ತಾ ಕೂರಬೇಡಿ.

ಪ್ರೊ ಇದ್ದೂ ಪಾಸ್‌ವರ್ಡ್ ತಪ್ಪು ಎಂದು ಬರುತ್ತಿದೆಯಾ? ಜಾಸ್ತಿ ಜನ ಪಿನ್ ಹಾಕುತ್ತಾರೆ. ಪಿನ್ ಆ ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ ನಡೆಯುತ್ತದೆ. ಇಲ್ಲಿ ಖಾತೆಯ ಪಾಸ್‌ವರ್ಡೇ ಬೇಕು.

ಮ್ಯಾಕ್‌ನವರಿಗೆ: ಮೈಕ್ರೋಸಾಫ್ಟ್ ರಿಮೋಟ್ ಡೆಸ್ಕ್‌ಟಾಪ್ ಆ್ಯಪ್ ಕಾಣದಿದ್ದರೆ ಗಾಬರಿಯಾಗಬೇಡಿ. 2024ರಿಂದ ಅದರ ಹೆಸರು ವಿಂಡೋಸ್ ಆ್ಯಪ್.

ಉಲ್ಟಾ ದಾರಿ, ಅಂದರೆ ವಿಂಡೋಸ್‌ನಿಂದ ಉಬುಂಟುವಿಗೆ ಎಕ್ಸ್‌ಆರ್‌ಡಿಪಿ (ಉಬುಂಟುವಿಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬರಲು ಬಿಡುವ ಸಾಫ್ಟ್‌ವೇರ್) ಮೂಲಕ ಹೋದಾಗ ಬರೀ ಕಪ್ಪು ಪರದೆ ಬರುತ್ತದೆ, ಅಲ್ವಾ? ಅದೇ ಬಳಕೆದಾರರ ಹೆಸರಲ್ಲಿ ಆ ಕಂಪ್ಯೂಟರ್‌ನಲ್ಲಿ ಮೊದಲೇ ಲಾಗಿನ್ ಆಗಿರುವುದೇ ಸಾಮಾನ್ಯವಾಗಿ ಕಾರಣ. ಅಲ್ಲಿ ಲಾಗ್ ಔಟ್ ಮಾಡಿ, ಮತ್ತೆ ಪ್ರಯತ್ನಿಸಿ.

ಒಂದು ಕಳಕಳಿಯ ವಿನಂತಿ. ಮನೆಯಿಂದ ಕನೆಕ್ಟ್ ಆಗಲಿ ಎಂದು ರೂಟರ್‌ನಲ್ಲಿ 3389 ಪೋರ್ಟ್ (ರಿಮೋಟ್ ಡೆಸ್ಕ್‌ಟಾಪ್ ಬಳಸುವ ಸಂಪರ್ಕದ ಬಾಗಿಲು) ಇಂಟರ್ನೆಟ್‌ಗೆ ನೇರವಾಗಿ ತೆರೆಯಬೇಡಿ. ಪಾಸ್‌ವರ್ಡ್ ಊಹಿಸುವ ದಾಳಿಗಳು ಅದನ್ನೇ ಹುಡುಕುತ್ತಿರುತ್ತವೆ. ವಿಪಿಎನ್ (ಇಂಟರ್ನೆಟ್ ಮೇಲಿನ ಸುರಕ್ಷಿತ ಖಾಸಗಿ ಸಂಪರ್ಕ) ಮೂಲಕವೇ ಬನ್ನಿ. ಆಮೇಲೂ ಆಗದಿದ್ದರೆ, ಎರಡೂ ಕಡೆಯ ಓಎಸ್ (ವಿಂಡೋಸ್, ಮ್ಯಾಕ್ ಅಥವಾ ಉಬುಂಟು) ಯಾವುದು ಎಂದು ಬರೆದು, ಎರರ್‌ನ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ.